ತೆಗೆದಿಟ್ಟ ಹೊತ್ತು

ಅರ್ಧ ಬೋಗುಣಿ ಮುಗಿದಿತ್ತು. ನೆನೆದ ಅವರೆಕಾಳನ್ನು ಒಂದೊಂದಾಗಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಜಾರಿ ನೀರಿಗೆ ಬೀಳುತ್ತಿತ್ತು. ಸರ್ವಮಂಗಳಾ ಈ ಕೆಲಸವನ್ನು ನೋಡದೆಯೇ ಮಾಡಬಲ್ಲಳು. ಅವಳ ಕಣ್ಣು ಅಡುಗೆಮನೆಯ ಕಿಟಕಿಯಾಚೆ ಇತ್ತು. ಅಲ್ಲಿ ಹೊಂಡದ ಮೆಟ್ಟಿಲುಗಳ ಮೇಲೆ ಕೇರಿಯ ಗಂಡಸರು ಪುಷ್ಯದ ಎಳೆಬಿಸಿಲಿಗೆ ಬೆನ್ನು ಕೊಟ್ಟು ಪೇಪರು ಓದುತ್ತಿದ್ದರು. ಒಂದೇ ಪೇಪರಿನ ಹಾಳೆಗಳು ನಾಲ್ಕು ಜನರ ಕೈಯಲ್ಲಿದ್ದವು. ಒಲೆಯ ಮೇಲೆ ಮುದ್ದೆಗೆ ಎಸರು ಕುದಿಯುತ್ತಿತ್ತು, ಹಿತ್ತಲಲ್ಲಿ ಬಟ್ಟೆ ನೆನೆದಿತ್ತು, ಒಂಬತ್ತೂವರೆಗೆ ಅವಳು ಕೆಲಸದಲ್ಲಿರಬೇಕಿತ್ತು.

ಪಡಸಾಲೆಯಲ್ಲಿ ಅವಳ ಗಂಡ ತಿಪ್ಪೇಸ್ವಾಮಿ ಕರಪತ್ರ ಬರೆಯುತ್ತಿದ್ದ. ಕೇರಿ ಉಳಿಸಿ ಸಮಿತಿಗೆ ಅವನೇ ಕಾರ್ಯದರ್ಶಿ. ಬರೆದ ಪ್ರತಿ ಸಾಲನ್ನೂ ಅಡುಗೆಮನೆಗೆ ಕೇಳುವಂತೆ ಓದುವುದು ಅವನ ಅಭ್ಯಾಸ.

"'ನಮ್ಮ ಅಜ್ಜ ಮುತ್ತಜ್ಜಂದಿರ ಕೇರಿಯನ್ನು ಯಂತ್ರವೊಂದರ ಮಾತು ಕೇಳಿ ಕೆಡವಲು ಬಿಡುವುದಿಲ್ಲ.' ಹೆಂಗೈತೆ?"

"ಚೆನ್ನಾಗೈತೆ."

"ಅಜ್ಜಿ ಮುತ್ತಜ್ಜೀರನ್ನೂ ಸೇರಿಸ್ಲಾ? ಹೆಂಗಸರಿಗೂ ಒಂದು ಮಾತು ಬರ್ಲಿ ಅಂತ."

"ಜಾಗ ಇದ್ರೆ ಸೇರ್ಸಿ."

ಅವನು ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಪೆನ್ನು ಇನ್ನೂ ಕೈಯಲ್ಲಿತ್ತು. "ನೀನು ದಿನಾ ಅಲ್ಲೇ ಕೂತಿರ್ತೀಯ. ಆ ಯಂತ್ರ ಒಂದಾದ್ರೂ ತಪ್ಪು ಮಾಡಿಲ್ಲೇನೇ?"

"ಅಲ್ಲಿ ಕಂಡಿದ್ದನ್ನ ಮನೇಲಿ ಹೇಳಂಗಿಲ್ಲ ಅಂತ ರುಜು ಹಾಕಿಸ್ಕೊಂಡಾರಲ್ಲ."

"ಗಂಡನ ಹತ್ರಾನೂ?"

"ಗಂಡನ ಹತ್ರ ಅಂತ್ಲೇ ಬರ್ದಾರೆ," ಎಂದಳು. ಅವನು ನಕ್ಕು ಪಡಸಾಲೆಗೆ ಮರಳಿದ. ಅವಳು ನಗಲಿಲ್ಲ. ಎಂಟು ದಿನದಿಂದ ಅವಳೊಂದು ಸಂಗತಿಯನ್ನು, ಗಾಳಿಯಲ್ಲಿ ಹಣತೆಯನ್ನು ಸೆರಗಿನ ಮರೆಯಲ್ಲಿ ತರುವಂತೆ, ಅಲ್ಲಿಂದ ಇಲ್ಲಿಗೆ ತರುತ್ತಿದ್ದಳು, ಇಲ್ಲಿಂದ ಅಲ್ಲಿಗೆ ಒಯ್ಯುತ್ತಿದ್ದಳು.

*

ಬಂಡೆಗುಡ್ಡದ ಬುಡದಲ್ಲಿದ್ದ ಆ ಕಟ್ಟಡಕ್ಕೆ ಸರ್ಕಾರ ಇಟ್ಟ ಹೆಸರು ಉದ್ದವಾಗಿತ್ತು. ಜನ ಅದನ್ನು ನೆರಳುಮನೆ ಎನ್ನುತ್ತಿದ್ದರು.

ಯಾವ ಕೇರಿಯನ್ನು ಕೆಡವಿ ಕಟ್ಟುವುದಿದ್ದರೂ ಅಲ್ಲಿಯವರ ಪಡಿನೆರಳುಗಳು ಮೊದಲು ಹೊಸ ಕೇರಿಯಲ್ಲಿ ಹತ್ತು ವರ್ಷ ಬದುಕಿ ತೋರಿಸಬೇಕೆಂದು ಕಾನೂನು ಬಂದು ಕೆಲವು ವರ್ಷಗಳಾಗಿದ್ದವು. ಅದಕ್ಕಾಗಿ ಹೊಂಡದ ಕೇರಿಯ ನೂರಾ ಹತ್ತು ಮನೆಯವರೂ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಹುಣಸೆಬೀಜದಷ್ಟು ದೊಡ್ಡ ಬಿಲ್ಲೆಯೊಂದನ್ನು ಕೊರಳಲ್ಲಿ ಕಟ್ಟಿಕೊಂಡಿದ್ದರು. ಬಿಲ್ಲೆ ಎದೆಬಡಿತ ಕೇಳುತ್ತಿತ್ತು. ಕಾಲು ಎಲ್ಲಿ ಬೇಗ ನಡೆಯಿತು, ಎಲ್ಲಿ ತಡೆಯಿತು, ಯಾವ ಬಾಗಿಲಲ್ಲಿ ಉಸಿರು ಹಗುರಾಯಿತು ಎಂದು ಬರೆದುಕೊಳ್ಳುತ್ತಿತ್ತು. ಅದರಿಂದ ಯಂತ್ರ ಪ್ರತಿಯೊಬ್ಬರಿಗೂ ಒಂದು ನೆರಳನ್ನು ಬೆಳೆಸುತ್ತಿತ್ತು. ನೆರಳಿಗೆ ಮುಖವಿಲ್ಲ, ಮಾತಿಲ್ಲ. ಅದಕ್ಕೆ ಗೊತ್ತಿರುವುದು ಅಭ್ಯಾಸ ಮಾತ್ರ. ಹರಿಯುವ ನೀರಿಗೆ ಹೊಸ ಕಾಲುವೆ ತೋಡಿದರೆ ಎಲ್ಲಿ ನಿಂತೀತು, ಎಲ್ಲಿ ಉಕ್ಕೀತು ಎಂದು ತಿಳಿದವರು ಹೇಳುವಂತೆ, ಈ ಅಭ್ಯಾಸಗಳು ಹೊಸ ಗೋಡೆಗಳ ನಡುವೆ ಎತ್ತ ತಿರುಗುತ್ತವೆ ಎಂದು ಯಂತ್ರ ತೋರಿಸುತ್ತಿತ್ತು. ನೆರಳುಮನೆಯ ಒಂದು ದಿನ ನೆರಳುಗಳಿಗೆ ಒಂದು ವರ್ಷ. ನೆಮ್ಮದಿಯ ಎಣಿಕೆ ಕುಸಿದರೆ ಯೋಜನೆ ನಿಲ್ಲುತ್ತಿತ್ತು, ಏರಿದರೆ ಮುಂದುವರಿಯುತ್ತಿತ್ತು.

ಕೇರಿಯ ನೆರಳುಗಳನ್ನು ಕೇರಿಯವರೇ ಒಬ್ಬರು ನೋಡಬೇಕೆಂದೂ ಕಾನೂನಿನಲ್ಲಿತ್ತು. ಮುಖವಿಲ್ಲದ್ದನ್ನು ನಡಿಗೆಯಿಂದ ಗುರುತಿಸಲು ಜೊತೆಯಲ್ಲಿ ಬದುಕಿದವರೇ ಬೇಕು. ಸರ್ವಮಂಗಳಾ ಗುರುತಿಸಿದ್ದಳು. ಇದು ಎಡಗಾಲೆಳೆಯುವ ಓಬಜ್ಜಿ. ಇದು ಪಕ್ಕದ ಮನೆಯ ಜಬೀನಾ, ಹೊಲಿಗೆ ಯಂತ್ರ ತುಳಿದೂ ತುಳಿದೂ ನಿಂತಾಗಲೂ ಪಾದ ಆಡಿಸುತ್ತಾಳೆ. ಇದು ನಾನು.

ದೊಡ್ಡ ಮಬ್ಬುಗತ್ತಲ ಹಜಾರದಲ್ಲಿ ಹೊಸ ಕೇರಿ ನೆಲದ ಮೇಲೆ ಹರಡಿತ್ತು. ಏಳು ಮಹಡಿಯ ನಾಲ್ಕು ಕಟ್ಟಡಗಳು ಅವಳ ಮೊಣಕಾಲಿನೆತ್ತರ ಇದ್ದವು. ನಡುವೆ ಹೂಳೆತ್ತಿದ ಹೊಂಡ, ವರ್ಷವಿಡೀ ತುಂಬಿರುವ ನೀರು, ಸುತ್ತ ಅಗಲವಾದ ಹೊಸ ಮೆಟ್ಟಿಲು. ಹೆಬ್ಬೆರಳಿನುದ್ದದ ನೆರಳುಗಳು ಊದುಬತ್ತಿಯ ಹೊಗೆಯಂತೆ ಅಲ್ಲಲ್ಲಿ ಏಳುತ್ತಿದ್ದವು, ಸರಿಯುತ್ತಿದ್ದವು. ಅವಳು ಚಪ್ಪಲಿ ಬಿಟ್ಟು ಅವುಗಳ ನಡುವೆ ನಡೆಯಬೇಕಿತ್ತು. ಮಳೆಗಾಲ ಮುಂಗೈಯಗಲದ ಮೋಡವಾಗಿ ಬಂದು ಕಾಲ ಬೆರಳುಗಳ ಮೇಲೆ ಹಾದು ಹೋಗುತ್ತಿತ್ತು. ತಣ್ಣಗೇನೂ ಆಗುತ್ತಿರಲಿಲ್ಲ. ಆದರೂ ಪ್ರತಿ ಸಲ ಅವಳು ಸೀರೆಯ ಅಂಚನ್ನು ಸ್ವಲ್ಪ ಎತ್ತಿ ಹಿಡಿಯುತ್ತಿದ್ದಳು.

ಮೊದಲ ವರ್ಷದ ಮೊದಲ ಬೆಳಗಿನಲ್ಲೇ ಅವಳ ನೆರಳು ಮನೆಯಿಂದ ಹೊರಬಿದ್ದಿತ್ತು. ಬಿಸಿಲು ಬರುವ ಮುಂಚೆ ಇಳಿದು ಬಂದು, ನೀರಿಗೆ ಮೂರು ಮೆಟ್ಟಿಲು ಮೇಲೆ ಕೂತಿತ್ತು. ಕೂತೇ ಇತ್ತು. ಮಾರನೆಯ ಬೆಳಿಗ್ಗೆಯೂ ಕೂತಿತು. ಮೂರು ಗಂಟೆ ಹೊತ್ತು, ಏನೂ ಮಾಡದೆ. ಎರಡನೆಯ ವರ್ಷಕ್ಕೆ ಜಬೀನಾಳ ನೆರಳು ಬಂತು, ಆಮೇಲೆ ಓಬಜ್ಜಿಯದು. ನಾಲ್ಕನೆಯ ವರ್ಷದ ಹೊತ್ತಿಗೆ ಕೇರಿಯ ಹೆಂಗಸರೆಲ್ಲ ಹೊಂಡದ ಸುತ್ತ ಕೂತಿದ್ದರು. ಒಬ್ಬರಿಗೊಬ್ಬರು ತಾಗಿಕೊಂಡಿರಲಿಲ್ಲ, ದೂರವೂ ಇರಲಿಲ್ಲ. ಅವರ ಮುಂದೆ ನೀರಿನ ಬಣ್ಣ ಬೂದಿಯಿಂದ ಹಾಲಿಗೆ, ಹಾಲಿನಿಂದ ಹೊನ್ನಿಗೆ ತಿರುಗುತ್ತಿತ್ತು.

ಸರ್ವಮಂಗಳಾ ಅದರ ಪಕ್ಕದಲ್ಲಿ ನೆಲದ ಮೇಲೆ ಕೂತು ನೋಡುತ್ತಿದ್ದಳು. ಹಾಗಾದರೆ ನಾನು ಹೀಗೂ ಇರಬಲ್ಲೆ ಎಂದುಕೊಂಡಿದ್ದಳು. ಜಾಗ ಬದಲಾದರೆ ಸಾಕು. ಐವತ್ತರ ಹತ್ತಿರ ಬಂದ ಮೇಲೆ ಒಬ್ಬಳಿಗೆ ಹೀಗೊಂದು ಸುದ್ದಿ ಸಿಗುವುದು ಸಣ್ಣ ಮಾತಲ್ಲ.

ಆ ಗುರುವಾರ ಒಂಬತ್ತನೆಯ ವರ್ಷ ನಡೆಯುತ್ತಿತ್ತು. ಯೋಜನೆಯ ಎಂಜಿನಿಯರ್ ಇಂದುಧರ ಕಾಫಿ ಲೋಟ ಹಿಡಿದು ಒಳಗೆ ಬಂದ. ಒಳ್ಳೆಯ ಹುಡುಗ, ಚಪ್ಪಲಿ ಬಿಟ್ಟೇ ಬರುತ್ತಿದ್ದ.

"ಮೇಡಂ, ನಿಮ್ಮ ಕೇರಿ ಹೆಂಗಸರು ನಮ್ಮನ್ನ ಗೆಲ್ಲಿಸಿಬಿಟ್ರು. ಗಂಡಸರ ನೆಮ್ಮದಿ ನಲವತ್ತಕ್ಕೆ ಬಿದ್ದಿದೆ. ಹೆಂಗಸರದು ತೊಂಬತ್ತೊಂದು."

ಗಂಡಸರ ನೆರಳುಗಳನ್ನೂ ಅವಳು ನೋಡಿದ್ದಳು. ಹೆಂಗಸರು ತುಂಬಿದ ಮೆಟ್ಟಿಲು ಬಿಟ್ಟು ಅವು ಲಿಫ್ಟಿನಲ್ಲಿ ಹತ್ತಿ ಇಳಿದು, ಬಾಗಿಲುಗಳ ಬಳಿ ನಿಂತು, ಮತ್ತೆ ಹತ್ತುತ್ತಿದ್ದವು.

"ಇನ್ನೊಂದು ನೋಡಿ," ಎಂದು ಇಂದುಧರ ಬಗ್ಗಿ ಒಂದು ಕಟ್ಟಡದ ಗೋಡೆಯನ್ನು ಬೆರಳಿನಿಂದ ಸರಿಸಿದ. "ಅಡುಗೆಮನೇಲಿ ಹೆಂಗಸರ ನೆರಳು ಕಾಲೇ ಇಡಲ್ಲ. ಅದಕ್ಕೇ ಹೊಸ ನಕ್ಷೇಲಿ ಅದನ್ನ ಬೀರುವಿನಷ್ಟು ಮಾಡಿದೀವಿ. ಬಾಗಿಲು ತೆಗೆದರೆ ಒಲೆ, ಮುಚ್ಚಿದರೆ ಗೋಡೆ. ಉಳಿದ ಜಾಗ ಹಾಲ್‌ಗೆ."

"ಕಾಲೇ ಇಡಲ್ವಾ ಸರ್?"

"ಬೆಳಿಗ್ಗೆ ಐದೂವರೆಯಿಂದ ಎಂಟೂವರೆ, ಸಂಜೆ ಎರಡು ಗಂಟೆ, ಪೂರ್ತಿ ವಿಶ್ರಾಂತಿ."

ಅವಳ ಬೆರಳುಗಳಲ್ಲಿ ಇನ್ನೂ ಅವರೆಯ ಸೊಗಡಿತ್ತು. "ಆ ಹೊತ್ತಲ್ಲಿ ಬಿಲ್ಲೆ ಏನು ಬರ್ಕೊಂಡಿದೆ?"

ಅವನು ಗೋಡೆಯ ಪರದೆಯಲ್ಲಿ ಹುಡುಕಿದ. "ಏನೂ ಇಲ್ಲ. ಮೈಮೇಲೆ ಇರ್ಲಿಲ್ಲ. ತೆಗೆದಿಟ್ಟ ಹೊತ್ತನ್ನ ವಿಶ್ರಾಂತಿ ಅಂತ ಓದೋ ಹಾಗೆ ಯಂತ್ರಕ್ಕೆ ಹೇಳಿದೀವಿ. ಮೊದಲ ಪ್ರಯೋಗಕ್ಕೆ ನಾವು ಎಂಜಿನಿಯರುಗಳೇ ಕಟ್ಕೊಂಡಿದ್ದು. ಸ್ನಾನಕ್ಕೆ, ಮಲಗೋದಕ್ಕೆ ಬಿಟ್ಟರೆ ಯಾರೂ ತೆಗೀತಿರ್ಲಿಲ್ಲ."

"ಹೆಂಗಸರು ಇರ್ಲಿಲ್ವಾ?"

"ಒಬ್ಬರಿದ್ರು. ಹಾಸ್ಟೆಲ್‌ನಲ್ಲಿದ್ರು, ಊಟ ಮೆಸ್ಸಲ್ಲಿ." ಅವನು ಲೋಟ ಬರಿದು ಮಾಡಿದ. "ಶನಿವಾರ ಸಾಕ್ಷಿಪತ್ರಕ್ಕೆ ನಿಮ್ಮ ರುಜು ಬೇಕು ಮೇಡಂ. ನೆರಳು ಸರಿಯಿದೆ ಅಂತ. ಸರಿಯಿಲ್ಲ ಅನ್ನಿಸಿದರೆ ಕಾರಣ ಬರೆದು ಮರುಮಂಡಲ ಕೇಳೋ ಹಕ್ಕು ನಿಮಗಿದೆ. ಆಗ ಇವೆಲ್ಲ ಅಳಿಸಿ ಮೊದಲಿಂದ ಬೆಳೆಸಬೇಕು. ಇದುವರೆಗೂ ಯಾವ ಕೇರಿಯವರೂ ಕೇಳಿಲ್ಲ."

ಅವನು ಹೋದ ಮೇಲೆ ಅವಳು ಹೊಂಡದ ಹತ್ತಿರ ಬಂದಳು.

ಬಿಲ್ಲೆ ಹಂಚಿದ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ನೀರು ಬಿದ್ದರೆ ಏನೂ ಆಗುವುದಿಲ್ಲ ಎಂದು ಹಂಚಿದವನು ಹೇಳಿದ್ದ. ಆದರೆ ನೀರಿನ ಚಿಂತೆ ಯಾರಿಗೂ ಇರಲಿಲ್ಲ. ಓಬಜ್ಜಿ ಬಿಲ್ಲೆಯನ್ನು ಕಣ್ಣಿಗೊತ್ತಿಕೊಂಡು, "ಇಸ್ಕೊಂಡಿದ್ದನ್ನ ಮುಸುರೆ ಮುಟ್ಟಿಸ್ದೆ ವಾಪಸ್ ಕೊಡಬೇಕು ಕಣ್ರೇ," ಎಂದಿದ್ದಳು. ಅದನ್ನು ಹೇಳಬೇಕಾದದ್ದೂ ಇರಲಿಲ್ಲ. ಕಡ ತಂದ ಪಾತ್ರೆಯನ್ನು ಬೆಳಗಿ ಕೊಡುವ ಕೇರಿ ಅದು. ಸರ್ವಮಂಗಳಾ ನಲವತ್ತೆಂಟು ದಿನವೂ ಒಲೆಯ ಮುಂದೆ ಹೋಗುವ ಮೊದಲು ಬಿಲ್ಲೆ ಬಿಚ್ಚಿ ಪಡಸಾಲೆಯ ದೀಪದ ಗೂಡಿನಲ್ಲಿಟ್ಟಿದ್ದಳು. ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಮತ್ತೆ ಕಟ್ಟಿಕೊಂಡಿದ್ದಳು.

ಬಗ್ಗಿ ನೋಡಿದಳು. ಅವಳ ನೆರಳು ನೀರಿನ ಮುಂದೆ ಕೂತಿತ್ತು. ಅಲ್ಲಿ ಕೂತದ್ದು ಅವಳಲ್ಲ. ಗೂಡಿನಲ್ಲಿ ಒಂಟಿಯಾಗಿ ಬಿದ್ದಿದ್ದ ಬಿಲ್ಲೆಯ ನಿಶ್ಚಲತೆಯನ್ನೇ ಯಂತ್ರ ಅವಳ ನೆಮ್ಮದಿ ಎಂದು ತಿಳಿದಿತ್ತು.

*

ಸಂಜೆ ಗರಡಿಮನೆಯ ಅಂಗಳದಲ್ಲಿ ಸಭೆ. ಗಂಡಸರು ಕುರ್ಚಿಗಳಲ್ಲಿ, ಹೆಂಗಸರು ಜಮಖಾನೆಯ ಮೇಲೆ ಕೂತಿದ್ದರು. ನೆಮ್ಮದಿಯ ಎಣಿಕೆಯನ್ನೂ ನೆರಳುಗಳ ಓಡಾಟದ ಒಂದೆರಡು ಸಾಲನ್ನೂ ದಿನವೂ ಬೀದಿಯ ಫಲಕಕ್ಕೆ ಹಚ್ಚುತ್ತಿದ್ದುದರಿಂದ ತೊಂಬತ್ತೊಂದರ ಸುದ್ದಿ ಎಲ್ಲರಿಗೂ ಮುಟ್ಟಿತ್ತು.

ತಿಪ್ಪೇಸ್ವಾಮಿ ಎದ್ದು ನಿಂತ. "ನಮ್ಮ ಮನೆ ಹೆಂಗಸರಿಗೆ ಅಲ್ಲಿ ತೊಂಬತ್ತೊಂದು ನೆಮ್ಮದಿಯಂತೆ. ಕೇಳ್ತೀನಿ, ಇಲ್ಲೇನು ಕಮ್ಮಿ ಆಗೈತೆ?"

"ಏನೂ ಕಮ್ಮಿಯಿಲ್ಲ ತಿಪ್ಪೇಸಣ್ಣ," ಜಬೀನಾ ಕೂತಲ್ಲಿಂದಲೇ ಹೇಳಿದಳು. "ಎಲ್ಲಾ ಜಾಸ್ತಿ."

ಜಮಖಾನೆಯ ಕಡೆ ನಗೆ ಹರಿದಾಡಿತು. ಗರಡಿಯ ಪೈಲ್ವಾನ್ ಚೌಡಪ್ಪ ತೊಡೆ ತಟ್ಟಿಕೊಂಡ. "ನಗ್ರಿ ನಗ್ರಿ. ಗಂಡಸರ ನೆರಳೆಲ್ಲ ಲಿಫ್ಟಲ್ಲೇ ಓಡಾಡ್ತಾವಂತೆ, ಇಳಿಯಾಕೆ ಜಾಗ ಸಿಗ್ದೆ. ಕುಸ್ತಿ ಆಡ್ಸೋನು ನಾನು, ಲಿಫ್ಟಲ್ಲಿ ಏನು ಆಡ್ಸಲಿ?"

"ನನ್ನ ನೆರಳು ಇನ್ನೂ ಹತ್ತು ವರ್ಸ ಬದುಕ್ತೈತಂತಲ್ಲ," ಓಬಜ್ಜಿ ಸರ್ವಮಂಗಳಾಳ ಕಡೆ ತಿರುಗಿದಳು. "ಮಂಡಿಗೆ ಎಣ್ಣೆ ಹಚ್ಕೊಳ್ಳಾಕೆ ಹೇಳವ್ವ ಅದಕ್ಕೆ. ನಾನಂತೂ ಕೇಳಿಲ್ಲ, ಅದಾದ್ರೂ ಕೇಳ್ಲಿ."

ಜಬೀನಾ ಈಗ ಎದ್ದಳು. "ತಮಾಷೆ ಸಾಕು. ನಮ್ಮತ್ತೆಗೆ ಎದೆನೋವು ಬಂದಾಗ ಆಂಬುಲೆನ್ಸು ಬೀದಿ ಬಾಯಲ್ಲೇ ನಿಂತ್ಕೊಳ್ತು. ಒಳಗೆ ಬರಾಕೆ ಜಾಗ ಇಲ್ಲ. ಕುರ್ಚಿ ಮೇಲೆ ಕೂರಿಸಿ ಹೊತ್ಕೊಂಡು ಹೋಗಿದ್ದು ನೀವೇ ಅಲ್ವಾ ತಿಪ್ಪೇಸಣ್ಣ?"

"ಹೌದು. ಏಳನೇ ಮಹಡಿಲಿದ್ದಿದ್ರೆ ಯಾರು ಹೊರ್ತಿದ್ರು?"

"ಲಿಫ್ಟು."

"ಕರೆಂಟ್ ಹೋದ್ರೆ?"

ತಿಪ್ಪೇಸ್ವಾಮಿಯ ದನಿ ಇಳಿಯಿತು. "ನಿಮ್ಮತ್ತೆ ಅವತ್ತು ದಾರೀಲಿ ನನ್ನ ಕೈ ಹಿಡ್ಕೊಂಡಿದ್ರು. ಅದನ್ನ ಯಾವ ಬಿಲ್ಲೆ ಬರ್ಕೊಳ್ತೈತೆ? ಈ ಹೊಂಡದ ಮೆಟ್ಟಿಲ ಮೇಲೆ ಕೂತು ನಮ್ಮಪ್ಪ ನಂಗೆ ಓದೋದು ಕಲಿಸಿದ್ದು. ನಾವೆಲ್ಲ ಇಲ್ಲೇ ಕೂತು ದೊಡ್ಡೋರಾಗಿದ್ದು."

"ನಾವು ಯಾವತ್ತು ಕೂತಿದ್ವಿ?" ಎಂದಳು ಜಬೀನಾ.

"ಬ್ಯಾಡ ಅಂದೋರು ಯಾರು?"

"ಬ್ಯಾಡ ಅಂದೋರು ಯಾರೂ ಇಲ್ಲಣ್ಣ. ಬನ್ನಿ ಅಂದೋರೂ ಇಲ್ಲ."

ಆಮೇಲೆ ಚರ್ಚೆ ಒಳಚರಂಡಿಯ ಕಡೆ ಹೊರಳಿತು. ಸರ್ವಮಂಗಳಾ ಒಬ್ಬಳು ಬಾಯಿಬಿಟ್ಟರೆ ಗಂಡ ಗೆಲ್ಲುತ್ತಿದ್ದ, ಕೇರಿ ಉಳಿಯುತ್ತಿತ್ತು. ನಾಳೆಯಿಂದ ಮತ್ತೆ ಅದೇ ಕಿಟಕಿ, ಅದೇ ಮೆಟ್ಟಿಲು, ಅದೇ ಪೇಪರಿನ ನಾಲ್ಕು ಹಾಳೆಗಳು. ಸುಮ್ಮನಿದ್ದರೆ ಕೇರಿ ಬೀಳುತ್ತಿತ್ತು. ನೂರಾ ಹತ್ತು ಮನೆಯ ಹೆಂಗಸರು ಬೀರುವಿನ ಬಾಗಿಲು ತೆರೆದು, ಅದರೊಳಗೆ ಅರ್ಧ ಮೈ ತೂರಿಸಿ, ಅದೇ ಮುದ್ದೆ ತೊಳಸುತ್ತಿದ್ದರು. ಕಿಟಕಿಯೂ ಇಲ್ಲದೆ.

ಮನೆಯ ಕಡೆ ನಡೆಯುವಾಗ ಅವಳು ಸುಮ್ಮನೆ ಕೇಳುವಂತೆ ಕೇಳಿದಳು. "ಜಬೀನಾ, ಅಡುಗೆ ಮಾಡೋವಾಗ ಬಿಲ್ಲೆ ಎಲ್ಲಿಡ್ತಿದ್ದೆ?"

"ಹೊಲಿಗೆ ಮಿಷನ್ ಡಬ್ಬೀಲಿ. ಯಾಕಕ್ಕ? ಒಗ್ಗರಣೆ ಸಿಡಿದ್ರೆ? ಸರ್ಕಾರದ್ದು ಅಲ್ವಾ?"

"ನಾನು ಕುಂಕುಮದ ಬಟ್ಟಲಲ್ಲಿ," ಎಂದಳು ಓಬಜ್ಜಿ ಹೆಮ್ಮೆಯಿಂದ. "ಒಂದು ಕಲೆ ಇಲ್ದಂಗೆ ಕೊಟ್ಟೆ. ಇಸ್ಕೊಂಡೋಗಾಕೆ ಬಂದೋನು ನೋಡಿ ನಕ್ಕ, ಅಜ್ಜಿ ಹೊಸದ್ರಂಗೇ ಐತೆ ಅಂದ."

*

ಶುಕ್ರವಾರ ಮಧ್ಯಾಹ್ನ ನೆರಳುಗಳ ಹತ್ತನೆಯ ವರ್ಷ ಮುಗಿಯುತ್ತಾ ಬಂದಿತ್ತು. ಹಜಾರದಲ್ಲಿ ಅವಳೊಬ್ಬಳೇ. ಸೀರೆ ಮುದುರಿಕೊಂಡು ಹೊಂಡದ ಪಕ್ಕ ನೆಲದ ಮೇಲೆ ಕೂತಳು. ಅವಳ ನೆರಳಿನ ನಡಿಗೆ ಈ ವರ್ಷ ನಿಧಾನವಾಗಿತ್ತು, ಮೆಟ್ಟಿಲಿಳಿಯುವಾಗ ಒಂದು ಕೈ ಮೊಣಕಾಲಿನ ಮೇಲಿತ್ತು. ಯಂತ್ರ ಅದಕ್ಕೆ ಅವಳ ವಯಸ್ಸನ್ನು ಕೊಡುವುದನ್ನು ಮರೆತಿರಲಿಲ್ಲ. ಈ ಸಲ ನೀರಿನಂಚಿನ ಮೆಟ್ಟಿಲಿಗೇ ಇಳಿದು ಕೂತು ಅದು ಒಂದು ಪಾದವನ್ನು ನೀರಿಗೆ ಇಳಿಬಿಟ್ಟಿತು. ಇದನ್ನು ಅವಳು ಇದುವರೆಗೆ ನೋಡಿರಲಿಲ್ಲ.

ಇದನ್ನು ಅದಕ್ಕೆ ಯಾರು ಕಲಿಸಿದರು? ನಲವತ್ತೆಂಟು ದಿನದಲ್ಲಿ ಅವಳು ಎಲ್ಲೂ ಪಾದವನ್ನು ನೀರಿಗೆ ಇಳಿಬಿಟ್ಟಿರಲಿಲ್ಲ. ಇಂದುಧರನನ್ನು ಕೇಳಿದ್ದರೆ ಏನಾದರೂ ಕಾರಣ ಹೇಳುತ್ತಿದ್ದನೇನೋ. ಅವಳಿಗೆ ಕಾರಣ ಬೇಕಿರಲಿಲ್ಲ. ಹತ್ತು ವರ್ಷ ಬಿಡುವು ಕೊಟ್ಟರೆ ಯಾವ ನೆರಳೂ ತನ್ನದೇ ಒಂದನ್ನು ಕಲಿಯುತ್ತದೆ ಎಂದುಕೊಂಡಳು. ನೀರಿನಲ್ಲಿ ಎದ್ದ ಸಣ್ಣ ಉಂಗುರ ಅಗಲವಾಗುತ್ತಾ ಜಬೀನಾಳನ್ನು, ಓಬಜ್ಜಿಯನ್ನು ದಾಟಿ ಆಚೆ ದಡ ಮುಟ್ಟಿತು.

ನಾಳೆ ಅವಳು ಕಾರಣ ಬರೆದರೆ ಇದು ಅಳಿಸಿಹೋಗುತ್ತದೆ. ತಾನು ಅಳುತ್ತೇನೆಂದುಕೊಂಡಿದ್ದಳು, ಅಳು ಬರಲಿಲ್ಲ. ಬದಲಿಗೆ, ಪರವೂರಿಗೆ ಹೊರಟ ತಂಗಿ ಬಾಗಿಲಲ್ಲಿ ನಿಂತು ಕೊನೆಯ ಮಾತೊಂದನ್ನು ಹೇಳುವಾಗ ಕಿವಿಗೊಡುವಂತೆ ಆ ಹೆಬ್ಬೆರಳಿನುದ್ದದ ಹೆಂಗಸಿನ ಬೆನ್ನನ್ನೇ ನೋಡುತ್ತಾ ಕೂತಳು.

ಇಂದುಧರ ಬಾಗಿಲಿನಿಂದ ಇಣುಕಿದ. "ಪತ್ರ ಟೇಬಲ್ ಮೇಲಿಟ್ಟಿದೀನಿ ಮೇಡಂ. ಇವತ್ತೇ ರುಜು ಹಾಕ್ತೀರಾ?"

"ನಾಳೆ ಬೆಳಿಗ್ಗೆ ಹಾಕ್ತೀನಿ ಸರ್. ಸ್ವಲ್ಪ ಲೇಟಾಗಿ ಬರ್ತೀನಿ, ಹತ್ತೂವರೆ ಆಗಬಹುದು."

"ನೀವು ಯಾವತ್ತೂ ಲೇಟಾಗಿಲ್ವಲ್ಲ," ಎಂದ ಅವನು ಅಚ್ಚರಿಯಿಂದ.

ಹಿಂದಿರುಗುವಾಗ ಅವಳು ಬಳಸುದಾರಿಯಲ್ಲಿ ಹೊಂಡದ ಮೇಲೆ ಬಂದಳು. ಇದು ನಿಜದ ಹೊಂಡ. ನೀರು ಕಾಲುಭಾಗವಿತ್ತು, ಮೂಲೆಯಲ್ಲಿ ಪಾಚಿ ಹಸಿರಾಗಿ ಕಟ್ಟಿತ್ತು, ಗಂಡಸರು ಮನೆಗೆ ಹೋಗಿದ್ದರು. ಮೆಟ್ಟಿಲುಗಳನ್ನು ಎಣಿಸಿದಳು. ನೀರಿಗೆ ಮೂರು ಮೆಟ್ಟಿಲು ಮೇಲಿನದು ಒಂದು ಕಡೆ ಬಿರುಕುಬಿಟ್ಟಿತ್ತು, ಆದರೂ ಒಬ್ಬರಿಗೆ ಧಾರಾಳವಾಗಿತ್ತು.

ಮನೆಯಲ್ಲಿ ತಿಪ್ಪೇಸ್ವಾಮಿ ಕರಪತ್ರಗಳನ್ನು ಮಡಚುತ್ತಿದ್ದ. ಮಡಿಕೆ ನೇರ ಬರದೆ ಒಂದನ್ನು ಬಿಚ್ಚಿ ಮತ್ತೆ ಮಡಚಿದ. ಅವನ ತಲೆಯ ಬೆಳ್ಳಿಕೂದಲು ನೋಡಿ ಅವಳಿಗೆ ಅವನ ಮೇಲೆ ಮಮತೆಯೇ ಉಕ್ಕಿತು. ಕೆಟ್ಟವನಲ್ಲ. ಕೇಳಿದವರಿಗೆಲ್ಲ ಹೆಗಲು ಕೊಡುವವನು. ಅಡುಗೆಮನೆಯ ಬಾಗಿಲನ್ನು ಮಾತ್ರ ಅವನು ಒಳಗೆ ಬರುವ ಬಾಗಿಲೆಂದು ಎಂದೂ ಎಣಿಸಿರಲಿಲ್ಲ, ಅಷ್ಟೆ.

"ನಾಳೆ ಏಳು ಗಂಟೆಗೆ ಸಮಿತಿಯೋರು ನಾಲ್ಕು ಜನ ಬರ್ತಾರೆ ಕಣೆ," ಎಂದ. "ತಿಂಡಿ ಏನು ಮಾಡ್ತೀಯ?"

"ನೋಡಾಣ," ಎಂದಳು ಅವಳು.

ಅವಳು ನಿರ್ಧರಿಸಿಯಾಗಿತ್ತು. ಸಾಕ್ಷಿಪತ್ರದಲ್ಲಿ ನೆರಳು ಸರಿಯಿಲ್ಲ ಎಂದು ಬರೆಯುತ್ತಾಳೆ. ಮುಸುರೆಯ ಕಾರಣವನ್ನು ಒಂದಕ್ಷರ ಬಿಡದೆ ಬರೆದು ಮರುಮಂಡಲ ಕೇಳುತ್ತಾಳೆ. ಬಿಲ್ಲೆಗಳು ಮತ್ತೆ ಬರುತ್ತವೆ. ಈ ಸಲ ಯಾರೂ ಅವನ್ನು ಬಿಚ್ಚುವುದಿಲ್ಲ, ಎಣ್ಣೆಯೂ ಹೊಗೆಯೂ ಬೂದಿಯೂ ಅವುಗಳ ಮೇಲೆ ಬೀಳಲಿ. ಆದರೆ ಆ ನಲವತ್ತೆಂಟು ಬೆಳಿಗ್ಗೆಯೂ ಸರ್ವಮಂಗಳಾ ಮನೆಯಲ್ಲಿರುವುದಿಲ್ಲ. ಐದೂವರೆಗೆ ಎದ್ದು, ಬಿಲ್ಲೆ ಕೊರಳಲ್ಲಿಟ್ಟುಕೊಂಡೇ, ಹೊಂಡಕ್ಕಿಳಿದು ಮೂರನೆಯ ಮೆಟ್ಟಿಲಿನ ಮೇಲೆ ಕೂರುತ್ತಾಳೆ. ಗಂಡಸರು ಬಂದರೆ ಬರಲಿ, ಜಾಗ ಬೇಕಾದಷ್ಟಿದೆ. ಅವಳ ಎದೆಬಡಿತ ನಿಜಕ್ಕೂ ಏನು ಹೇಳುತ್ತದೋ ಯಂತ್ರ ಕೇಳಿಕೊಳ್ಳಲಿ. ಅದೇ ಹೊತ್ತಿಗೆ ಒಲೆಯ ಮುಂದೆ ನಿಂತು ಎಸರಿಗೆ ಹಿಟ್ಟು ಎಷ್ಟು ಹಾಕುವುದೆಂದು ತಿಳಿಯದೆ ತಿಪ್ಪೇಸ್ವಾಮಿಯ ಎದೆ ಹೇಗೆ ಬಡಿಯುತ್ತದೋ ಅದನ್ನೂ ಕೇಳಿಕೊಳ್ಳಲಿ. ಆಗ ಅವನ ನೆರಳಿಗೂ ಒಂದು ಅಡುಗೆಮನೆ ಬೇಕಾಗುತ್ತದೆ, ಕಿಟಕಿ ಇರುವಂಥದ್ದು. ಆ ಮೇಲೆ ಕೇರಿ ಉಳಿಯಬೇಕೋ ಬೀಳಬೇಕೋ ಎಂದು ಯಂತ್ರ ಹೇಳಲಿ. ಅದರ ಮಾತನ್ನು ಆಗ ಅವಳು ಒಪ್ಪುತ್ತಾಳೆ.

ಬಿಲ್ಲೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ನಾಳೆ ಬೆಳಿಗ್ಗೆಯೇ ಆರಂಭಿಸಬಹುದು.

"ಉಪ್ಪಿಟ್ಟಾದ್ರೆ ಸಾಕು," ಎಂದ ತಿಪ್ಪೇಸ್ವಾಮಿ, ಕರಪತ್ರದಿಂದ ತಲೆ ಎತ್ತದೆ. "ಸುಲಭ ಅಲ್ವಾ?"

"ಸುಲಭಾನೇ," ಎಂದು ಹೇಳಿ ಅವಳು ಅವನ ಪಕ್ಕದಲ್ಲಿ ಕೂತು, ಒಂದು ಕರಪತ್ರ ತೆಗೆದುಕೊಂಡು, ಅಂಚಿಗೆ ಅಂಚು ಕೂಡಿಸಿ ಮಡಚತೊಡಗಿದಳು.